ಕೆರ ಹೊಲಿಯಲು ಕಲಿತವರು

ಬನಹಟ್ಟಿ ಅಂದಕೂಡಲೇ ನೆನಪಾಗುವುದು ಮಗ್ಗದ ಸಪ್ಪಳ. ಇದು ನೇಕಾರರ ಊರು, ಸೀರೆಯ ಊರು. ಈ ಊರಿಗೂ ಚರ್ಮದ ಕೆಲಸಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಮಗ್ಗದೊಳಗೇ ಇದೆ. ಪವರ್‌ಲೂಮಿನಲ್ಲಿ ಲಾಳಿಯನ್ನು ಈ ತುದಿಯಿಂದ ಆ ತುದಿಗೆ ಹೊಡೆದು ಕಳಿಸುವ ಪಿಕ್ಕರ್ ಇದೆಯಲ್ಲ, ಪ್ಲಾಸ್ಟಿಕ್ಕು ನೈಲಾನು ಬರುವ ಮೊದಲು ಅದನ್ನು ಎಮ್ಮೆಯ ಚರ್ಮದಿಂದ ಮಾಡುತ್ತಿದ್ದರು. ನಿಮಿಷಕ್ಕೆ ನೂರರ ಆಸುಪಾಸು ಪೆಟ್ಟು ತಾಳುವ, ತಾಳಿದರೂ ಲಾಳಿಯ ಮೂತಿ ಒಡೆಯದ ವಸ್ತು ಆಗ ಅದೊಂದೇ. ನಮ್ಮ ಅಜ್ಜಿಯರು ಉಟ್ಟ ಎಷ್ಟೋ ಸೀರೆಗಳ ಹಿಂದೆ ಒಂದು ತುಂಡು ಚರ್ಮವೂ ದುಡಿದಿದೆ.

ಈ ವಿಷಯ ಎತ್ತಿಕೊಳ್ಳಲು ಕಾರಣ ಮೊಬೈಲ್. ಈಚೆಗೆ ಚರ್ಮದ ಪಾಕೀಟು, ಬೆಲ್ಟು, ಕೀಲಿಕೈ ಗೊಂಚಲು ಹೊಲಿಯುವ ವಿಡಿಯೋಗಳು ತುಂಬ ಓಡುತ್ತಿವೆ. ಹತ್ತು ನಿಮಿಷದಲ್ಲಿ ಒಂದು ಬೋಳು ಚರ್ಮದ ತುಂಡು ಚಂದದ ಪಾಕೀಟಾಗುತ್ತದೆ. ಕಲಿಯುವವರಿಗೆಂದೇ ಡಬ್ಬಿಯೂ ಸಿಗುತ್ತದೆ: ಎರಡು ಸೂಜಿ, ಮೇಣ ಹಚ್ಚಿದ ದಾರ, ತೂತು ಹೊಡೆಯುವ ಹಲ್ಲು, ಒಂದು ಸಣ್ಣ ಕೊಡತಿ, ನಾಲ್ಕು ತುಂಡು ಚರ್ಮ. ಮನೆಬಾಗಿಲಿಗೇ ಬರುತ್ತದೆ. ನಮ್ಮ ಕಡೆಯ ಹುಡುಗರು ಹುಡುಗಿಯರೂ ಕೇಳಲು ಶುರುಮಾಡಿದ್ದಾರೆ: 'ಇದನ್ನ ಹವ್ಯಾಸಕ್ಕಂತ ಕಲಿಬಹುದಾ?'

ಕಲಿಯಬಹುದು. ಆದರೆ ಈ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ. ಚರ್ಮದ ಕೆಲಸವನ್ನು 'ಹವ್ಯಾಸ' ಅಂತ ಕರೆಯಲು ನಮ್ಮ ಸೀಮೆಯಲ್ಲಿ ಯಾರಿಗೆ ಆಗುತ್ತಿತ್ತು, ಯಾರಿಗೆ ಆಗುತ್ತಿರಲಿಲ್ಲ? ಇತಿಹಾಸದಲ್ಲಿ ಹೊಸದಾಗಿ ಚರ್ಮ ಹಿಡಿದವರ ಕತೆಗಳು ಬರೆದಿಟ್ಟಿವೆ, ಮತ್ತು ಅವು ಚೆನ್ನಾಗಿಯೂ ಇವೆ. ಆದರೆ ಬರೆದಿಟ್ಟದ್ದು ಯಾರ ಕತೆ ಅಂತ ನೋಡಿದರೆ ನಮ್ಮ ಊರುಗಳ ಕತೆಯೂ ತಿಳಿಯುತ್ತದೆ.

ಮೊದಲು ಊರಿನಿಂದಲೇ ಶುರುಮಾಡೋಣ.

ಪಂಪ್‌ಸೆಟ್ಟು, ಟ್ರ್ಯಾಕ್ಟರು ಬರುವ ಮೊದಲು ಚರ್ಮವಿಲ್ಲದೆ ಒಕ್ಕಲುತನ ನಡೆಯುತ್ತಲೇ ಇರಲಿಲ್ಲ. ನೊಗಕ್ಕೆ ಎತ್ತು ಕಟ್ಟುವ ಜತ್ತಿಗೆ ಚರ್ಮದ್ದು. ಗಳೆ ಬಿಗಿಯುವ ಮಿಣಿ ಚರ್ಮದ್ದು. ಬಾರುಕೋಲಿನ ಬಾರು ಚರ್ಮದ್ದು. ಜಾತ್ರೆಗೆ, ಸಾವಿಗೆ ಬಾರಿಸುವ ಹಲಗಿ ಚರ್ಮದ್ದು. ಕಾಲಿಗೆ ಕೆರ. ಎಲ್ಲಕ್ಕಿಂತ ದೊಡ್ಡದು ಕಪಿಲೆಯ ಚೀಲ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆಯುತ್ತ ಹೋದಂತೆ ಬಾವಿಯಿಂದ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದ ಆ ಚರ್ಮದ ಚೀಲ ಹರಿದರೆ ತೋಟ ಒಣಗಿತು ಅಂತಲೇ ಲೆಕ್ಕ.

ಇದನ್ನೆಲ್ಲ ಹೊಲಿದುಕೊಡುತ್ತಿದ್ದವರಿಗೆ ಸಿಗುತ್ತಿದ್ದದ್ದು ಆಯ. ಸುಗ್ಗಿಯಲ್ಲಿ ರಾಶಿ ಆದಾಗ ಕಣಕ್ಕೆ ಹೋಗಿ ಪಾಲಿನ ಜೋಳ ತರಬೇಕು. ವರ್ಷವಿಡೀ ಮಾಡಿದ ಕೆಲಸಕ್ಕೆ ವರ್ಷಕ್ಕೊಮ್ಮೆ ಕಾಳು. ಮಳೆ ಹೋದ ವರ್ಷ ಅದೂ ಇಲ್ಲ. ಕೆಲಸವೂ ಒಂದೇ ಕೈಯಲ್ಲಿ ಇರುತ್ತಿರಲಿಲ್ಲ. ಸತ್ತ ದನ ಎಳೆದು ಸುಲಿಯುವವರು ಒಬ್ಬರು, ತೊಗಲು ಹದ ಮಾಡುವ ಡೋಹರರು ಇನ್ನೊಬ್ಬರು, ಕೆರ ಹೊಲಿಯುವ ಸಮಗಾರರು, ಮಚಿಗಾರರು ಮತ್ತೊಬ್ಬರು. ಊರಿಂದ ಊರಿಗೆ ಈ ಹಂಚಿಕೆ ಬೇರೆ ಆಗುತ್ತಿತ್ತು. ಒಂದು ಮಾತ್ರ ಎಲ್ಲ ಊರಲ್ಲೂ ಒಂದೇ. ಚರ್ಮದ ಚೀಲದಲ್ಲಿ ಬಂದ ನೀರು ಎಲ್ಲರ ಹೊಲಕ್ಕೂ ನಡೆಯುತ್ತಿತ್ತು, ಆ ಚೀಲ ಹೊಲಿದವರು ಊರ ಬಾವಿಯ ನೀರು ಮುಟ್ಟುವಂತಿರಲಿಲ್ಲ.

ಹೀಗಿರುವಾಗ ಸಮಗಾರರ ಮನೆಯ ಮಗು ಮೊದಲ ಸಲ ಉಳಿ ಹಿಡಿದದ್ದನ್ನು ಯಾರು 'ಮೊದಲ ಪ್ರಯತ್ನ' ಅಂದಾರು? ಅದು ಹುಟ್ಟಿನೊಂದಿಗೆ ಬಂದದ್ದು ಅಂತಲೇ ಊರು ತಿಳಿದಿತ್ತು. ಆದರೆ ಯಾವ ಕೈಗೂ ಕಸಬು ಹುಟ್ಟಿನಿಂದ ಬರುವುದಿಲ್ಲ. ಆ ಮಗುವೂ ಚರ್ಮ ನೆನೆಸಿ, ದಾರಕ್ಕೆ ಮೇಣ ತಿಕ್ಕಿ, ಬೆರಳು ಚುಚ್ಚಿಸಿಕೊಂಡು, ಅಪ್ಪನ ಬೈಗಳ ತಿಂದು, ವರ್ಷಗಟ್ಟಲೆ ಕಲಿಯಬೇಕಿತ್ತು. ಹೆಣ್ಣುಮಕ್ಕಳು ಪಟ್ಟಿಯ ಜಡೆ ಹೆಣೆಯುವುದನ್ನು ತಾಯಿಯ ಪಕ್ಕ ಕೂತು ಕಲಿಯುತ್ತಿದ್ದರು. ಇಂಥ ಲಕ್ಷಾಂತರ ಮೊದಲ ಪ್ರಯತ್ನಗಳಲ್ಲಿ ಒಂದೂ ಕಾಗದಕ್ಕೆ ಇಳಿದಿಲ್ಲ.

ಒಂದೇ ಒಂದು ಕಾಲದಲ್ಲಿ ಈ ಹತಾರಗಳು ಬರಹದೊಳಗೆ ಬಂದವು. ಅದು 12ನೇ ಶತಮಾನ, ಶರಣರ ಕಾಲ. ಮಾದಾರ ಚೆನ್ನಯ್ಯನವರ ವಚನಗಳ ಅಂಕಿತ ನೋಡಿ: ಕೈಯುಳಿ, ಕತ್ತಿ, ಅಡಿಗೂಟ ಮೂರೂ ಅದರೊಳಗೇ ಇವೆ. ದೇವರ ಹೆಸರು ಹೇಳುವ ಜಾಗದಲ್ಲಿ ತಮ್ಮ ಕಸಬಿನ ಹತಾರ ಇಟ್ಟರು. ಡೋಹರ ಕಕ್ಕಯ್ಯನವರ ಹೆಸರಿನಲ್ಲೇ ಕಸಬು ಉಳಿದಿದೆ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕತೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು ಅಂತ ಕತೆ ಹೇಳುತ್ತದೆ. ಅದೇ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಕಲ್ಯಾಣದಲ್ಲಿ ಏನಾಯಿತು ಅನ್ನುವುದೂ ನಿಮಗೆ ಗೊತ್ತು. ಕೆರವನ್ನು ತಲೆಯ ಮೇಲೆ ಹೊತ್ತದ್ದನ್ನು ಸಮಾಜ ಸಹಿಸಿಕೊಂಡಿತು, ಮದುವೆಯನ್ನು ಸಹಿಸಲಿಲ್ಲ.

ಈಗ ಬರೆದಿಟ್ಟ ಕತೆಗಳಿಗೆ ಬರೋಣ. ಅದಕ್ಕೆ ಸ್ವಲ್ಪ ದೂರ ಹೋಗಬೇಕು, ರಷ್ಯಾದವರೆಗೆ.

ಲಿಯೋ ಟಾಲ್‌ಸ್ಟಾಯ್ ಜಗತ್ತೇ ಓದಿದ ಕಾದಂಬರಿಕಾರ, ದೊಡ್ಡ ಜಮೀನ್ದಾರ. 1880ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಬೇರೆಯವರ ದುಡಿಮೆಯ ಮೇಲೆ ಬದುಕುವುದು ಪಾಪ ಅನ್ನಿಸಿ ತಮ್ಮ ಕೈಯಿಂದ ದುಡಿಯಲು ಹೊರಟರು. ಮಾಸ್ಕೋದ ಮನೆಯಲ್ಲಿ ಒಬ್ಬ ಚಮ್ಮಾರನನ್ನು ಗುರು ಮಾಡಿಕೊಂಡು ಬೂಟು ಹೊಲಿಯುವುದನ್ನು ಕಲಿತರು. ಕವಿ ಫೆತ್ ಅವರ ಗೆಳೆಯ. ಟಾಲ್‌ಸ್ಟಾಯ್ ಹೊಲಿದ ಬೂಟಿಗೆ ಫೆತ್ 6 ರೂಬಲ್ ಕೊಟ್ಟು, 1885ರಲ್ಲಿ ಒಂದು ಪ್ರಮಾಣಪತ್ರವನ್ನೂ ಬರೆದುಕೊಟ್ಟರು, ಇಂಥವರು ನನಗೆ ಬೂಟು ಹೊಲಿದುಕೊಟ್ಟಿದ್ದಾರೆ ಅಂತ. ಟಾಲ್‌ಸ್ಟಾಯ್ ಅವರ ಅಳಿಯನಂತೂ ಮಾವ ಹೊಲಿದ ಬೂಟನ್ನು ಮೆಟ್ಟದೆ, ಅವರ 12 ಸಂಪುಟಗಳ ಪಕ್ಕದಲ್ಲಿ 13ನೇ ಸಂಪುಟ ಅಂತ ಕಪಾಟಿನಲ್ಲಿ ಇಟ್ಟರಂತೆ. ಮಾಸ್ಕೋದ ಆ ಮನೆ ಈಗ ವಸ್ತುಸಂಗ್ರಹಾಲಯ. ಆ ಹತಾರಗಳೂ ಬೂಟುಗಳೂ ಅಲ್ಲಿವೆ.

ಟಾಲ್‌ಸ್ಟಾಯ್ ಅವರನ್ನು ಓದಿ ಬದಲಾದವರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದ ನಮ್ಮ ಒಬ್ಬ ವಕೀಲರೂ ಇದ್ದರು. 1910ರಲ್ಲಿ ಜೋಹಾನ್ಸ್‌ಬರ್ಗ್ ಹತ್ತಿರ, ಗೆಳೆಯ ಹರ್ಮನ್ ಕಾಲೆನ್‌ಬಾಕ್ ಕೊಟ್ಟ 1100 ಎಕರೆ ಜಮೀನಿನಲ್ಲಿ ಗಾಂಧೀಜಿ ಟಾಲ್‌ಸ್ಟಾಯ್ ಫಾರ್ಮ್ ಕಟ್ಟಿದರು. ಜೈಲಿಗೆ ಹೋದ ಸತ್ಯಾಗ್ರಹಿಗಳ ಸಂಸಾರಗಳು ಅಲ್ಲಿ ಬದುಕಬೇಕಿತ್ತು. ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕು, ಚಪ್ಪಲಿಯನ್ನೂ. ಕಾಲೆನ್‌ಬಾಕ್ ಜರ್ಮನಿಯ ಯಹೂದಿ, ಕಸಬಿನಲ್ಲಿ ಕಟ್ಟಡಗಳ ವಾಸ್ತುಶಿಲ್ಪಿ. ಅವರು ಮರಿಯಾನ್‌ಹಿಲ್ ಎಂಬಲ್ಲಿದ್ದ ಟ್ರ್ಯಾಪಿಸ್ಟ್ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಮಾಡುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು. ಗಾಂಧೀಜಿಯಿಂದ ಫಾರ್ಮಿನ ಹುಡುಗರು ಕಲಿತರು. ತನ್ನ ಶಿಷ್ಯರು ಈ ಕೆಲಸದಲ್ಲಿ ತನ್ನನ್ನು ಸುಲಭವಾಗಿ ಮೀರಿಸಿದರು ಅಂತ ಅವರೇ ಬರೆದುಕೊಂಡಿದ್ದಾರೆ.

1911ರಲ್ಲಿ ಮಗನ್‌ಲಾಲ್ ಗಾಂಧಿಗೆ ಅವರು ಬರೆದ ಒಂದು ಕಾಗದದಲ್ಲಿ ಹೊಸ ಕಲಿಕೆಯವರ ಹುಮ್ಮಸ್ಸು ಕಾಣುತ್ತದೆ. ಸುಮಾರು 15 ಜೋಡಿ ಮಾಡಿದ್ದೇನೆ, ನಿನಗೆ ಬೇಕಾದರೆ ಕಾಲಿನ ಅಳತೆ ಕಳಿಸು, ಪಟ್ಟಿ ಎಲ್ಲಿ ಕೂರಬೇಕೋ ಅಲ್ಲಿ ಗುರುತು ಹಾಕು ಅನ್ನುವ ಅರ್ಥದ ಮಾತು ಅದರಲ್ಲಿದೆ. ಕಾಲಿನ ಸುತ್ತ ಗೆರೆ ಎಳೆದರೆ ಅಟ್ಟೆಯ ಅಳತೆ ಸಿಗುತ್ತದೆ, ಆದರೆ ಪಟ್ಟಿ ಎಲ್ಲಿ ಇಳಿಯಬೇಕು ಅನ್ನುವುದು ಗೆರೆಯಲ್ಲಿ ಸಿಗುವುದಿಲ್ಲ. ಹೆಬ್ಬೆರಳು, ಕಿರುಬೆರಳ ಹತ್ತಿರದ ಆ ಎರಡು ಚುಕ್ಕಿ ತಪ್ಪಿದರೆ ಚಪ್ಪಲಿ ಕಾಲಿಗೆ ನಿಲ್ಲದು. ಈ ಮಾತು ಓದಿದರೆ ನಮ್ಮ ಯಾವ ಸಮಗಾರರೂ 'ಹೌದು, ಇವರು ಕೂತು ಹೊಲಿದವರೇ' ಅಂತ ಒಪ್ಪಿಯಾರು.

1914ರಲ್ಲಿ ದಕ್ಷಿಣ ಆಫ್ರಿಕಾ ಬಿಡುವಾಗ ಗಾಂಧೀಜಿ ಒಂದು ಜೋಡಿಯನ್ನು ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ಕೊಟ್ಟರು. 1939ರಲ್ಲಿ ಗಾಂಧೀಜಿಗೆ 70 ತುಂಬಿದಾಗ ಹೊರಬಂದ ಗೌರವ ಗ್ರಂಥಕ್ಕೆ ಸ್ಮಟ್ಸ್ ಲೇಖನ ಬರೆದರು. ಆ ಚಪ್ಪಲಿಯನ್ನು ಎಷ್ಟೋ ಬೇಸಿಗೆ ಮೆಟ್ಟಿದ್ದಾಗಿಯೂ, ಅಂಥವರು ಮಾಡಿದ್ದನ್ನು ಮೆಟ್ಟುವ ಯೋಗ್ಯತೆ ತನಗಿಲ್ಲ ಅನ್ನಿಸಿದ್ದಾಗಿಯೂ ಅದರಲ್ಲಿ ಹೇಳಿಕೊಂಡರು.

ಇವು ಒಳ್ಳೆಯ ಕತೆಗಳು, ನಮಗೂ ಇಷ್ಟ. ಆದರೆ ಗಮನಿಸಿ: ಟಾಲ್‌ಸ್ಟಾಯ್‌ಗೆ ಕಲಿಸಿದ ಆ ಚಮ್ಮಾರನನ್ನು ಯಾರೂ ನೆನೆಯುವುದಿಲ್ಲ. ಗಾಂಧೀಜಿ ಸತ್ಯಾಗ್ರಹಿಯಾದ್ದರಿಂದ ಚಪ್ಪಲಿಗೆ ಬೆಲೆ ಬಂತೇ ಹೊರತು, ಚಪ್ಪಲಿ ಮಾಡುತ್ತಿದ್ದುದರಿಂದ ಯಾವ ಸಮಗಾರನಿಗೂ ಬೆಲೆ ಬರಲಿಲ್ಲ. ಮೇಲಿನವರು ಕೆಳಗಿಳಿದು ಹಿಡಿದರೆ ಕಸಬು ತಪಸ್ಸಾಗುತ್ತದೆ. ಅಲ್ಲೇ ಹುಟ್ಟಿದವರಿಗೆ ಅದು ಜಾತಿಯಾಗಿ ಉಳಿಯುತ್ತದೆ.

ಇದನ್ನು ನೇರವಾಗಿ ಹೇಳಿದವರು ಡಾ. ಅಂಬೇಡ್ಕರ್. ನಮ್ಮ ಸೀಮೆಗೆ ಅವರ ಮಾತು ದೂರದ್ದಲ್ಲ. ಜಮಖಂಡಿ, ಮುಧೋಳ, ಸಾಂಗಲಿ, ಕೊಲ್ಹಾಪುರ ಎಲ್ಲ ಆಗ ಅಕ್ಕಪಕ್ಕದ ಸಂಸ್ಥಾನಗಳು. 1920ರ ಮಾರ್ಚಿನಲ್ಲಿ ಕೊಲ್ಹಾಪುರದ ಹತ್ತಿರದ ಮಾಣಗಾಂವದಲ್ಲಿ ನಡೆದ ಸಮ್ಮೇಳನದಲ್ಲಿ ಶಾಹೂ ಮಹಾರಾಜರು ಅಂಬೇಡ್ಕರರನ್ನು ನಿಮ್ಮ ನಾಯಕ ಇವರೇ ಅಂತ ಜನರ ಮುಂದೆ ನಿಲ್ಲಿಸಿದರು. 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಕೆರೆಯ ನೀರು ಮುಟ್ಟುವ ಮುನ್ನ ಮಾಡಿದ ಭಾಷಣದಲ್ಲಿ ಅಂಬೇಡ್ಕರ್ ತಮ್ಮವರಿಗೆ ಹೇಳಿದ್ದು, ಸತ್ತ ದನದ ಮಾಂಸ ಬಿಡಿ, ಹೀನ ಅಂತ ಹೊರಿಸಿದ ಕೆಲಸ ಬಿಡಿ, ಮಕ್ಕಳನ್ನು ಓದಿಸಿ ಅಂತ. ಗಾಂಧೀಜಿ ಚರ್ಮದ ಕೆಲಸವನ್ನು ಎತ್ತಿಕೊಳ್ಳಿ ಅಂದರು, ಅಂಬೇಡ್ಕರ್ ಕೆಳಗಿಡಿ ಅಂದರು. ಎರಡೂ ಮಾತನ್ನು ಒಟ್ಟಿಗೆ ಇಟ್ಟು ನೋಡಿದರೆ ಅಂಬೇಡ್ಕರರ ಮಾತೇ ಹೆಚ್ಚು ಸರಿ ಅಂತ ನಮಗನ್ನಿಸುತ್ತದೆ. ಬಿಡುವ ಹಕ್ಕು ಇರುವವನಿಗೆ ಮಾತ್ರ ಕಲಿಯುವುದು ಸುಖ. ಬಿಡಲಾರದವನಿಗೆ ಅದು ಸೆರೆ.

ಇದು ಹಳೆಯ ಮಾತು ಅಂದುಕೊಳ್ಳಬೇಡಿ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಅದಾದ ಮೇಲೆ ಅಲ್ಲಿನವರು ಸತ್ತ ದನಗಳನ್ನು ತಂದು ಸರಕಾರಿ ಕಚೇರಿಯ ಮುಂದೆ ಹಾಕಿ, ಇನ್ನು ನೀವೇ ನೋಡಿಕೊಳ್ಳಿ ಅಂದರು.

ನಮ್ಮ ಊರುಗಳಲ್ಲಿ ಈ ಕಸಬು ಕಡಿಮೆಯಾದದ್ದು ಮಾತ್ರ ಹೀಗೆ ಒಮ್ಮೆಲೇ ಅಲ್ಲ. ಒಂದೊಂದಾಗಿ ಕೈಬಿಟ್ಟಿತು. ಮೊದಲು ಹದ ಮಾಡುವ ರೀತಿ ಬದಲಾಯಿತು. ಹಳೆಯ ರೀತಿಯಲ್ಲಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಹೆರೆದು, ಆಮೇಲೆ ಜಾಲಿ ತೊಗಟೆ, ಅಳಲೆಕಾಯಿ ನೆನೆಸಿದ ಒಗರು ನೀರಿನಲ್ಲಿ ವಾರಗಟ್ಟಲೆ ಇಡಬೇಕು. ತೊಗಲನ್ನೇ ಚೀಲದಂತೆ ಹೊಲಿದು, ಒಗರು ನೀರು ತುಂಬಿ ನೇತುಹಾಕುವುದು ನಮ್ಮ ಕಡೆಯ ಪದ್ಧತಿ. ತೊಗಟೆಯ ಒಗರು ತೊಗಲಿನ ನಾರಿಗೆ ಹಿಡಿದರೆ ಅದು ಕೊಳೆಯುವುದಿಲ್ಲ. ಜಾಲಿಕಾಯಿ ಬಾಯಿಗಿಟ್ಟರೆ ನಾಲಿಗೆ ಹಿಡಿದಂತಾಗುತ್ತದಲ್ಲ, ಅದೇ ಗುಣ. 19ನೇ ಶತಮಾನದ ಕೊನೆಗೆ ಕ್ರೋಮ್ ಎಂಬ ರಾಸಾಯನಿಕ ಹದ ಬಂತು. ವಾರಗಳ ಕೆಲಸ ಒಂದೆರಡು ದಿನಕ್ಕಿಳಿಯಿತು.

ಇದರಲ್ಲೊಂದು ಸ್ವಾರಸ್ಯ ಇದೆ. ದಕ್ಷಿಣದಲ್ಲಿ ಕ್ರೋಮ್ ಚರ್ಮವನ್ನು ಮೊದಲು ಪರೀಕ್ಷೆಗೆ ಇಳಿಸಿದ್ದು ಬೂಟಿಗಲ್ಲ, ಕಪಿಲೆಯ ಚೀಲಕ್ಕೆ. ಮದರಾಸಿನಲ್ಲಿದ್ದ ಆಲ್ಫ್ರೆಡ್ ಚಾಟರ್‌ಟನ್ ಎಂಬ ಅಧಿಕಾರಿ 1900ರ ದಶಕದಲ್ಲಿ, ನೀರಲ್ಲಿ ಬೇಗ ಕೆಡದ ಚೀಲ ರೈತರಿಗೆ ಸಿಗಲಿ ಅಂತ ಈ ಪ್ರಯೋಗ ನಡೆಸಿದರು. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಆದರೆ ಚೀಲ ಎಷ್ಟೇ ಗಟ್ಟಿಯಾದರೂ ಎಂಜಿನ್ ಪಂಪಿನ ಮುಂದೆ ನಿಲ್ಲಲಿಲ್ಲ. ಪಂಪು ಬಂತು, ಕಪಿಲೆ ಹೋಯಿತು. ನೈಲಾನ್ ಹಗ್ಗ ಬಂತು, ಮಿಣಿ ಹೋಯಿತು. ಟ್ರ್ಯಾಕ್ಟರ್ ಬಂತು, ಜತ್ತಿಗೆ ಹೋಯಿತು. ರಬ್ಬರ್ ಚಪ್ಪಲಿ ಬಂದ ಮೇಲೆ ಕೆರವೂ ಹೋಗಬೇಕಿತ್ತು. ಅದೊಂದು ಮಾತ್ರ ಉಳಿಯಿತು.

ಉಳಿದದ್ದು ಕೊಲ್ಹಾಪುರಿ ಎಂಬ ಹೆಸರಿನಿಂದ. ಈ ಹೆಸರು ಕೇಳಿ ಇದು ಮಹಾರಾಷ್ಟ್ರದ್ದು ಮಾತ್ರ ಅಂತ ನಮ್ಮವರೇ ತಿಳಿದಿರುತ್ತಾರೆ. ಅಲ್ಲ. ಕೃಷ್ಣೆಯ ಆಚೆ ದಂಡೆಯ ಅಥಣಿ, ಆ ತಾಲ್ಲೂಕಿನ ಮದಭಾವಿ, ಆ ಕಡೆ ನಿಪ್ಪಾಣಿ, ಇಲ್ಲೆಲ್ಲ ಮನೆಮನೆಯಲ್ಲಿ ಈ ಚಪ್ಪಲಿ ಆಗುತ್ತದೆ. 1956ರ ನವೆಂಬರ್ 1ರವರೆಗೆ ನಾವೆಲ್ಲ ಮುಂಬಯಿ ರಾಜ್ಯದವರೇ. ಮಾಲು ಮಾರುವ ಪೇಟೆ ಕೊಲ್ಹಾಪುರ ಆದ್ದರಿಂದ ಹೆಸರೂ ಅದೇ ಆಯಿತು. ಗಡಿ ಆಮೇಲೆ ಬಂದದ್ದು. ಶಾಹೂ ಮಹಾರಾಜರು ತಮ್ಮ ಕಾಲದಲ್ಲಿ ಈ ಕಸಬಿಗೆ ಒತ್ತಾಸೆ ಕೊಟ್ಟರು ಅನ್ನುವುದೂ ನಿಜ.

ವಿಡಿಯೋ ನೋಡಿ ಚರ್ಮ ಹಿಡಿಯುವವರು ಒಮ್ಮೆ ಈ ಚಪ್ಪಲಿಯನ್ನು ತಿರುವಿ ನೋಡಬೇಕು. ಹಳೆಯ ಪದ್ಧತಿಯದಾದರೆ ಒಂದು ಮೊಳೆಯೂ ಇರುವುದಿಲ್ಲ. ಎಮ್ಮೆ ಅಥವಾ ಎತ್ತಿನ ದಪ್ಪ ಚರ್ಮದ ಅಟ್ಟೆ, ಹಿಮ್ಮಡಿಗೆ ಪದರದ ಮೇಲೆ ಪದರ. ಎಲ್ಲವನ್ನೂ ಹೊಲಿದಿರುವುದು ಚರ್ಮದ ಸೀಳಿನಿಂದಲೇ. ಎರಡು ಬದಿಗೆ ಕಿವಿಯಂತೆ ಚಾಚಿದ ತುಂಡು, ಅದಕ್ಕೆ ಕೂಡಿದ ಪಟ್ಟಿ, ಪಟ್ಟಿಯ ಮೇಲೆ ಮೇಕೆಯ ತೆಳು ಚರ್ಮದ ಜಡೆ, ಮುಂದೆ ಹೆಬ್ಬೆರಳಿಗೆ ಉಂಗುರ. ಅಟ್ಟೆ ಕತ್ತರಿಸಿ ಬಡಿಯುವ ಕೆಲಸ ಹೆಚ್ಚಾಗಿ ಗಂಡಸರದು. ಜಡೆ, ತೂತಿನ ಕುಸುರಿ, ಮೇಲಿನ ಹೊಲಿಗೆ ಹೆಂಗಸರದು. ಚಪ್ಪಲಿಯ ಚಂದವೆಲ್ಲ ಹೆಂಗಸರ ಕೈಯದು, ಅಂಗಡಿಯವನ ಜತೆ ರೇಟು ಮಾತಾಡುತ್ತಿದ್ದದ್ದು ಮಾತ್ರ ಅವರಲ್ಲ.

ಹೊಸಬರು ಒಂದು ಸಣ್ಣ ಪಾಕೀಟು ಹೊಲಿಯಲು ಕೂತರೂ ಇದೇ ಕಸಬಿನ ಅಂಚು ತಾಗುತ್ತದೆ. ಚರ್ಮ ಬಟ್ಟೆಯ ಹಾಗಲ್ಲ. ಬಟ್ಟೆಯಲ್ಲಿ ತಪ್ಪಿದರೆ ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು. ಚರ್ಮದಲ್ಲಿ ಬಿದ್ದ ತೂತು ಬಿದ್ದದ್ದೇ. ಅದಕ್ಕೇ ಬಲ್ಲವರು ಕಣ್ಣಲ್ಲಿ ನೋಡುವುದಕ್ಕಿಂತ ಮೊದಲು ಬೆರಳಲ್ಲಿ ನೋಡುತ್ತಾರೆ. ದನದ ಬೆನ್ನಿನ ಚರ್ಮ ಬಿಗಿ, ಹೊಟ್ಟೆಯದು ಜೋಲು. ಹೊಟ್ಟೆಯ ಕಡೆಯ ತುಂಡಿನಿಂದ ಪಟ್ಟಿ ಮಾಡಿದರೆ ನಾಲ್ಕು ದಿನಕ್ಕೆ ಹಿಗ್ಗುತ್ತದೆ. ಮಡಿಸುವ ಕಡೆ ಅಂಚನ್ನು ತೆಳ್ಳಗೆ ಹೆರೆಯಬೇಕು, ಇಲ್ಲವಾದರೆ ಗಂಟು ಕಟ್ಟಿದ ಹಾಗೆ ಉಬ್ಬುತ್ತದೆ. ಅದಕ್ಕಿರುವ ಅಗಲ ಬಾಯಿಯ ಕತ್ತಿಯೇ ರಂಪಿಗೆ. ವಿಡಿಯೋದಲ್ಲಿ ಅದನ್ನು ಒಂದೇ ಎಳೆತಕ್ಕೆ ಎಳೆದು ತೋರಿಸುತ್ತಾರೆ. ಕೈ ಓರೆಯಾದರೆ ಚರ್ಮ ಹರಿಯುತ್ತದೆ, ನೆಟ್ಟಗಾದರೆ ಕತ್ತಿ ಓಡುವುದೇ ಇಲ್ಲ. ಆ ಓರೆಯನ್ನು ಯಾವ ವಿಡಿಯೋವೂ ಹೇಳಲಾರದು, ಪಕ್ಕದಲ್ಲಿ ಕೂತವರು ಮಣಿಕಟ್ಟು ಹಿಡಿದು ತೋರಿಸಬೇಕು.

ಹೊಲಿಗೆಯೂ ಹಾಗೆಯೇ. ಡಬ್ಬಿಯಲ್ಲಿ ಬರುವ ಎರಡು ಸೂಜಿ ಒಂದೇ ದಾರದ ಎರಡು ತುದಿಗೆ. ಒಂದೊಂದು ತೂತಿನಲ್ಲೂ ಎರಡೂ ಸೂಜಿ ಎದುರುಬದುರಾಗಿ ದಾಟಬೇಕು. ಮಷಿನ್ ಹೊಲಿಗೆಯಲ್ಲಿ ಒಂದು ಎಳೆ ಹರಿದರೆ ಸಾಲೇ ಬಿಚ್ಚುತ್ತದೆ, ಇದರಲ್ಲಿ ಬಿಚ್ಚುವುದಿಲ್ಲ, ಇನ್ನೊಂದು ಎಳೆ ಹಿಡಿದಿರುತ್ತದೆ. ವಿದೇಶದ ಜೀನುಗಾರರ ಹೊಲಿಗೆ ಅಂತ ವಿಡಿಯೋದವರು ಇದನ್ನು ಹೊಗಳುತ್ತಾರೆ. ನಮ್ಮ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಛತ್ರಿ ಕೆಳಗೆ ಕೂತು ಶಾಲೆಯ ಬೂಟು ಹೊಲಿಯುವವರೂ ಉಳಿಯಿಂದ ತೂತು ಮಾಡಿ, ಎರಡು ಕಡೆಯಿಂದ ದಾರ ಕೊಟ್ಟು ಬಿಗಿಯುವುದನ್ನು ನಾವು ನೋಡಿದ್ದೇವೆ. ನೀವೂ ನೋಡಿರುತ್ತೀರಿ. ಅವರಿಗೆ ಇಪ್ಪತ್ತು ರೂಪಾಯಿ ಕೊಡಲು ಚೌಕಾಸಿ ಮಾಡುವುದನ್ನೂ.

ಗಂಡಸರ ಮನೆತನದ ಕಸಬು ಅಂತ ತಿಳಿದದ್ದನ್ನು ಹೆಂಗಸರು ಹೊಸದಾಗಿ ಕಲಿತ ಒಂದು ಕತೆ ನಮ್ಮ ಹತ್ತಿರದಲ್ಲೇ ಇದೆ. 1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಮಧುರಾ ಛತ್ರಪತಿ ಅವರ ಅಸೆಂಟ್ ಸಂಸ್ಥೆ ಕೆಲಸ ಶುರುಮಾಡಿತು. ಚಪ್ಪಲಿ ಮಾಡುವ ಮನೆಗಳ ಹೆಂಗಸರ ಸ್ವಸಹಾಯ ಸಂಘಗಳು ಆದವು. ಅವರು ಹೊಸದಾಗಿ ಕಲಿತದ್ದು ಜಡೆ ಹೆಣೆಯುವುದನ್ನಲ್ಲ, ಅದು ಬರುತ್ತಲೇ ಇತ್ತು. ಕಲಿತದ್ದು ಅಳತೆಗೆ ಸರಿಯಾಗಿ ಮಾಡುವುದು, ಹೊಸ ವಿನ್ಯಾಸ, ಲೆಕ್ಕ, ಬ್ಯಾಂಕು, ರೇಟು. 'ಟೋಹೋಲ್ಡ್' ಎಂಬ ಹೆಸರಿನಲ್ಲಿ ಆ ಚಪ್ಪಲಿ ಹೊರದೇಶಕ್ಕೂ ಹೋಯಿತು. ತಲೆತಲಾಂತರದಿಂದ ಕೆಲಸ ಮಾಡಿದ ಮನೆಯಲ್ಲಿ ಬಿಲ್ಲಿಗೆ ತಾನೇ ಸಹಿ ಹಾಕಿದ್ದು ಎಷ್ಟೋ ಹೆಂಗಸರಿಗೆ ಮೊದಲು.

ಸರಕಾರದ ಕಡೆಯಿಂದ ಈ ಕಸಬಿನವರಿಗೆ ಇರುವುದು ಲಿಡ್ಕರ್. ಬಾಬು ಜಗಜೀವನರಾಂ ಅವರ ಹೆಸರಿನ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಅದು, 1976ರದ್ದು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಅಂದರೆ ಭೌಗೋಳಿಕ ಗುರುತು ಸಿಕ್ಕಾಗ, ಅದನ್ನು ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಎರಡಕ್ಕೂ ಕೂಡಿ ಕೊಟ್ಟರು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ: ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ನಮ್ಮ ನಾಲ್ಕು: ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ. ಬಾಗಲಕೋಟೆ ಅಂದರೆ ಬನಹಟ್ಟಿಯೂ, ಜಮಖಂಡಿಯೂ, ಮುಧೋಳವೂ, ಬೀಳಗಿಯೂ ಅದರೊಳಗೆ ಬಂತು. ಈ ಎಂಟು ಜಿಲ್ಲೆಯ ಹೊರಗೆ ಮಾಡಿದ್ದಕ್ಕೆ ಆ ಹೆಸರು ಹಚ್ಚುವಂತಿಲ್ಲ.

ಆ ಗುರುತಿಗೆ ಏನು ಬೆಲೆ ಅಂತ ಎಲ್ಲರಿಗೂ ಗೊತ್ತಾದದ್ದು 2025ರ ಜೂನಿನಲ್ಲಿ. ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಶೋದಲ್ಲಿ ಥೇಟ್ ಕೊಲ್ಹಾಪುರಿಯಂಥ ಚಪ್ಪಲಿ ಮೆಟ್ಟಿಸಿ ನಡೆಸಿತು, ಹೆಸರು ಮಾತ್ರ ಹೇಳಲಿಲ್ಲ. ಇಲ್ಲಿ ಗದ್ದಲವಾಯಿತು. ಆಮೇಲೆ ಇದು ಭಾರತದ ಕೈಕಸಬಿನಿಂದ ಬಂದದ್ದು ಅಂತ ಕಂಪನಿ ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಲಿಡ್ಕರ್ ಮತ್ತು ಲಿಡ್‌ಕಾಮ್ ಜತೆ ಒಪ್ಪಂದ ಮಾಡಿಕೊಂಡು, ಎರಡೂ ರಾಜ್ಯದಲ್ಲಿ 2,000 ಜೋಡಿ ಮಾಡಿಸಿ, ಜೋಡಿಗೆ 800 ಯೂರೋ ಆಸುಪಾಸಿನಲ್ಲಿ ಮಾರುವುದಾಗಿ ತಿಳಿಸಿತು. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿ ದಾಟುತ್ತದೆ. ನಮ್ಮ ಸಂತೆಯಲ್ಲಿ ಅಂಥದೇ ಜೋಡಿಗೆ ಸಾವಿರ ಹೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ.

ಹವ್ಯಾಸಕ್ಕೆ ಕಲಿಯಬಹುದಾ ಅಂತ ಕೇಳಿದ ಹುಡುಗರಿಗೆ ನಾವು ಹೇಳುವುದು ಇಷ್ಟು. ಡಬ್ಬಿ ತರಿಸಿಕೊಳ್ಳಿ, ತೊಂದರೆ ಇಲ್ಲ. ಆದರೆ ಕಲಿಸುವವರನ್ನು ಫೋನಿನಲ್ಲಿ ಹುಡುಕುವ ಮೊದಲು ಊರಿನಲ್ಲಿ ಹುಡುಕಿ. ಅವರ ಸಮಯಕ್ಕೆ ಫೀಸು ಕೊಡಿ, ಟ್ಯೂಷನ್ ಮೇಷ್ಟ್ರಿಗೆ ಕೊಟ್ಟ ಹಾಗೆ. ಮನೆಗೆ ಕರೆದರೆ ಒಳಗೆ ಕೂರಿಸಿ, ಮನೆಯವರು ಕುಡಿಯುವ ಲೋಟದಲ್ಲೇ ಚಹಾ ಕೊಡಿ. ಅವರ ಮಕ್ಕಳು ಈ ಕೆಲಸ ಬೇಡ, ಓದುತ್ತೇವೆ ಅಂದರೆ, ಕಸಬು ಉಳಿಸಬೇಕು ಅಂತ ಅವರಿಗೆ ಉಪದೇಶ ಮಾಡಬೇಡಿ. ಉಳಿಸುವ ಆಸೆ ಇದ್ದವರು ತಾವೇ ಉಳಿ ಹಿಡಿಯಲಿ.

ಇನ್ನು ಈ ಕಸಬನ್ನೇ ನಂಬಿರುವವರು ನಮ್ಮ ಓದುಗರಲ್ಲೂ ಇದ್ದೀರಿ, ನಿಮಗೊಂದು ಮಾತು. ಜಿಐ ಗುರುತು ಜಿಲ್ಲೆಗೆ ಸಿಕ್ಕಿದೆ ಅಂದಮಾತ್ರಕ್ಕೆ ಅದನ್ನು ನಿಮ್ಮ ಚಪ್ಪಲಿಗೆ ಹಚ್ಚುವಂತಿಲ್ಲ. ಒಬ್ಬೊಬ್ಬ ಕುಶಲಕರ್ಮಿಯೂ ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ 'ಅಧಿಕೃತ ಬಳಕೆದಾರ' ಅಂತ ಹೆಸರು ಬರೆಸಬೇಕು. ಗಂಡನ ಹೆಸರು ಬರೆಸಿದರೆ ಸಾಲದು, ಜಡೆ ಹೆಣೆಯುವ ಹೆಂಡತಿಯೂ ತನ್ನ ಹೆಸರಿನಲ್ಲಿ ಅರ್ಜಿ ಹಾಕಬಹುದು. ಮೊದಲು ಅರ್ಜಿಯ ಶುಲ್ಕ 500 ರೂಪಾಯಿ ಇತ್ತು. 2020ರ ತಿದ್ದುಪಡಿಯಲ್ಲಿ ಅದನ್ನು 10 ರೂಪಾಯಿಗೆ ಇಳಿಸಿದ್ದಾರೆ.